ಕೇಸ್ ಶೀಟ್ ಕೇಳಿದರೆ "ನಾಳೆ ಬನ್ನಿ" ಅನ್ನೋದು ಯಾಕೆ?

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ದಾಖಲೆ ಕೋಣೆ ಮೆಟ್ಟಿಲ ಕೆಳಗಿತ್ತು. ಜೂನ್ ಬಂತೆಂದರೆ ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬ್ ಉರಿಯುತ್ತಿತ್ತು. ಉರಿಸದಿದ್ದರೆ ಕೇಸ್ ಶೀಟಿಗೆಲ್ಲ, ಅಂದರೆ ರೋಗಿಗಳ ಚಿಕಿತ್ಸೆಯ ದಾಖಲೆಗೆಲ್ಲ, ಬೂಷ್ಟು. ಮಡಿಕೇರಿ ಕಡೆಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕೋಣೆಯ ಕಿಟಕಿಗೆ ದಿನಕ್ಕೆ ನಾಲ್ಕೈದು ಜನ ಬರುತ್ತಿದ್ದರು. ಮೈಸೂರಿಗೋ ಮಂಗಳೂರಿಗೋ ದೊಡ್ಡ ಡಾಕ್ಟರ ಹತ್ತಿರ ಹೊರಟವರು. ಇನ್ಶೂರೆನ್ಸ್‌ನವರು ಪೇಪರ್ ಕೇಳಿದ್ದಾರೆ ಎನ್ನುವವರು. ಕಾಡಾನೆ ದಾಳಿಯಲ್ಲಿ ಕಾಲು ಮುರಿದುಕೊಂಡ ತಮ್ಮನಿಗೆ ಪರಿಹಾರ ಕೇಳಲು ಕಾಗದ ಬೇಕು ಎನ್ನುವವರು. ಎಲ್ಲರಿಗೂ ನಾವು ಕೊಡುತ್ತಿದ್ದ ಮೊದಲ ಉತ್ತರ ಒಂದೇ: "ನಾಳೆ ಬನ್ನಿ."

ಅದೇ ಹೊತ್ತಿಗೆ ಕಾರಿಡಾರಿನಲ್ಲಿ ಬೇರೆಯೇ ವ್ಯವಹಾರ. "ಸಿಸ್ಟರ್, ನಮ್ಮ ಪಕ್ಕದ ಮನೆ ಅಂಕಲ್‌ಗೆ ಏನಂತೆ?" ಎಂದು ಯಾರೋ ಕೇಳುತ್ತಾರೆ. ಸಿಸ್ಟರ್‌ಗೂ ಅವರು ದೂರದ ನೆಂಟರೇ. ಕೊಡಗು ಚಿಕ್ಕ ಜಿಲ್ಲೆ, ಎಲ್ಲರೂ ಎಲ್ಲರಿಗೂ ಯಾವುದೋ ದಾರಿಯಲ್ಲಿ ನೆಂಟರು. ಸಂಜೆಯೊಳಗೆ ಸುದ್ದಿ ಸಂತೆ ತಲುಪಿರುತ್ತಿತ್ತು. ಕಾಯಿಲೆಯವನಿಗೆ ಮಾತ್ರ ಇನ್ನೂ ಕಾಗದ ಸಿಕ್ಕಿರುತ್ತಿರಲಿಲ್ಲ.

ರೋಗಿಗೆ ಕಾಗದ ಕೊಡಲು ಬಿಗಿ, ಊರಿಗೆ ಮಾತು ಹೇಳಲು ಸಡಿಲ. ನಿಯಮ ಹೇಳುವುದು ಇದರ ಉಲ್ಟಾ. ಆ ನಿಯಮವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಿಟಕಿಯ ಹೊರಗೆ ನಿಂತವರಿಗೂ ಬೇಕು, ಒಳಗೆ ಕೂತವರಿಗೂ ಬೇಕು.

ಫೈಲ್ ಯಾರದ್ದು?

"ಫೈಲ್ ಆಸ್ಪತ್ರೆಯದ್ದು, ಕೊಡೋಕಾಗಲ್ಲ" ಎನ್ನುವ ಮಾತು ಅರ್ಧ ನಿಜ. ಕೇಸ್ ಶೀಟಿನ ಮೂಲ ಕಾಗದ ಆಸ್ಪತ್ರೆಯಲ್ಲೇ ಇರಬೇಕು. ನಾಳೆ ಕೋರ್ಟು ಕೇಳಿದರೆ ತಂದು ತೋರಿಸಬೇಕಾದವರು ಅವರೇ. ಆದರೆ ಅದರೊಳಗಿನ ವಿಷಯ ರೋಗಿಯದ್ದು. ನಿಮ್ಮ ತೋಟದ ಹಳೇ ದಾಖಲೆ ತಾಲ್ಲೂಕು ಕಚೇರಿಯ ಕಪಾಟಿನಲ್ಲಿರುತ್ತದೆ. ಹಾಗಂತ ತೋಟ ತಹಶೀಲ್ದಾರರದ್ದಾಗಿಬಿಡುತ್ತದಾ? ಅರ್ಜಿ ಕೊಟ್ಟರೆ ನಕಲು ಕೊಡುತ್ತಾರೆ, ಅಲ್ವಾ? ಇದೂ ಹಾಗೇ.

ಇದು ನನ್ನ ಸ್ವಂತ ವಾದ ಏನಲ್ಲ. ರಘುನಾಥ ರಹೇಜಾ ಪ್ರಕರಣದಲ್ಲಿ 1996ರಲ್ಲೇ ಬಾಂಬೆ ಹೈಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ರೋಗಿಯೋ ಹತ್ತಿರದ ಸಂಬಂಧಿಯೋ ಕೇಸ್ ಪೇಪರಿನ ಪ್ರತಿ ಕೇಳಿದರೆ, ಗುಟ್ಟು ಕಾಪಾಡಬೇಕು ಎಂಬ ನೆಪ ಹೇಳಿ ಆಸ್ಪತ್ರೆ ಇಲ್ಲವೆನ್ನುವಂತಿಲ್ಲ. ರೋಗಿಯ ಗುಟ್ಟನ್ನು ರೋಗಿಯಿಂದಲೇ ಮುಚ್ಚಿಡುವುದು ಎಂಥಾ ಗುಟ್ಟು!

ಇವತ್ತಿಗೂ ಜಾರಿಯಲ್ಲಿರುವ ಮುಖ್ಯ ನಿಯಮ 2002ರದ್ದು. ಆಗಿನ ಭಾರತೀಯ ವೈದ್ಯಕೀಯ ಮಂಡಳಿ ವೈದ್ಯರ ನಡತೆಗೆಂದು ಮಾಡಿದ ನಿಯಮಾವಳಿ ಅದು. ಅದರ 1.3.1 ಹೇಳುವುದು: ಅಡ್ಮಿಟ್ ಆದ ರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. 1.3.2 ಹೇಳುವುದು: ರೋಗಿ, ರೋಗಿ ಒಪ್ಪಿ ಕಳಿಸಿದವರು ಅಥವಾ ಕಾನೂನಿನ ಅಧಿಕಾರಿಗಳು ದಾಖಲೆ ಕೇಳಿದರೆ, ಅರ್ಜಿ ಬಂದಿದೆ ಎಂದು ಒಪ್ಪಿಕೊಳ್ಳಬೇಕು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ? ಅದೇ ನಿಯಮಾವಳಿಯ 7.2ರ ಪ್ರಕಾರ ಅದು ವೈದ್ಯರ ದುರ್ನಡತೆ.

ನಡುವೆ ಒಂದು ಗೊಂದಲ ಹುಟ್ಟಿಕೊಂಡಿದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿತು. ಅದರಲ್ಲಿ 72 ಗಂಟೆಯ ಬದಲು 5 ಕೆಲಸದ ದಿನ ಎಂದಿತ್ತು. ಆದರೆ ಅದೇ ತಿಂಗಳೇ ಅದನ್ನು ತಡೆಹಿಡಿದು 2002ರ ನಿಯಮವನ್ನೇ ಮತ್ತೆ ಜಾರಿಗೆ ತಂದರು. "ಈಗ ರೂಲ್ ಚೇಂಜ್ ಆಗಿದೆ, ಐದು ದಿನ ಬೇಕು" ಎಂದು ಯಾರಾದರೂ ಹೇಳಿದರೆ, ಅವರು ಆ ಸುದ್ದಿಯ ಮೊದಲ ಭಾಗ ಮಾತ್ರ ಓದಿದ್ದಾರೆ.

ಇದರ ಜೊತೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇದೆ. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಕೇಳಿದರೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ, ಮನೆಗೆ ಹೋದ ಮೇಲೆ ಕೇಳಿದರೆ 72 ಗಂಟೆಯೊಳಗೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಡಿಸ್ಚಾರ್ಜ್ ಆಗುವವರೆಗೆ ಏನೂ ಕೇಳಬಾರದು ಎಂದುಕೊಂಡಿರುತ್ತಾರೆ.

ಗಡಿಯಾರ ಓಡಲು ಶುರುವಾಗುವುದು ಯಾವಾಗ?

ನನ್ನ ಅನುಭವದಲ್ಲಿ ನೂರಕ್ಕೆ ತೊಂಬತ್ತು ತಕರಾರು ಇಲ್ಲೇ. ರೋಗಿಯ ಕಡೆಯವರು "ಹದಿನೈದು ದಿನದಿಂದ ಅಲೀತಾ ಇದ್ದೀನಿ" ಎನ್ನುತ್ತಾರೆ. ಆಸ್ಪತ್ರೆಯವರು "ಅವರು ಕೇಳಿಯೇ ಇಲ್ಲ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಬಾಯಲ್ಲಿ ಕೇಳಿದ್ದಾರೆ, ಇವರ ಹತ್ತಿರ ಕಾಗದದಲ್ಲಿ ಏನೂ ಇಲ್ಲ.

ಹಾಗಾಗಿ ಅರ್ಜಿ ಬರೆದೇ ಕೊಡಿ. ಎರಡು ಪ್ರತಿ ಮಾಡಿ. ಒಂದನ್ನು ಒಳಗೆ ಕೊಟ್ಟು, ಇನ್ನೊಂದಕ್ಕೆ ಸೀಲ್, ತಾರೀಕು, ಗಂಟೆ, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಸೀಲ್ ಹಾಕಲ್ಲ ಎಂದರೆ ಜಗಳಕ್ಕೆ ನಿಲ್ಲಬೇಡಿ. ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಆ ರಸೀದಿಯೇ ನಿಮ್ಮ ಸಾಕ್ಷಿ.

ಅರ್ಜಿಗೆ ವಕೀಲರ ಭಾಷೆ ಬೇಡ. ಇಷ್ಟು ಸಾಕು:

"ಮಾನ್ಯ ವೈದ್ಯಕೀಯ ಅಧೀಕ್ಷಕರಿಗೆ, ನಾನು ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ನನ್ನ ಐಪಿ (ಒಳರೋಗಿ) ನಂಬರ್ ಇಷ್ಟು. ನನ್ನ ಪೂರ್ತಿ ಕೇಸ್ ಶೀಟ್, ಎಲ್ಲಾ ಲ್ಯಾಬ್ ರಿಪೋರ್ಟ್, ಆಪರೇಷನ್ ನೋಟ್ಸ್ ಮತ್ತು ಡಿಸ್ಚಾರ್ಜ್ ಸಮರಿಯ ದೃಢೀಕರಿಸಿದ ಪ್ರತಿಗಳನ್ನು ಕೊಡಬೇಕಾಗಿ ಕೋರುತ್ತೇನೆ. ಜೆರಾಕ್ಸ್ ಖರ್ಚು ಕೊಡಲು ಸಿದ್ಧ. ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ್ದೇನೆ."

ಯಾಕೆ ಬೇಕು ಎಂದು ಬರೆಯಬೇಕೇ? ಆ ನಿಯಮದಲ್ಲಿ ಕಾರಣ ಹೇಳಬೇಕು ಎಂದಿಲ್ಲ. ಆದರೂ ಹೇಳಿದರೆ ನಿಮಗೇ ಅನುಕೂಲ. ಹೃದಯದ ತಜ್ಞರಿಗೆ ತೋರಿಸಲು ಎಂದರೆ ಇಸಿಜಿ, ಎಕೋ ಮೊದಲು ಹುಡುಕುತ್ತಾರೆ. ಇನ್ಶೂರೆನ್ಸಿಗೆ ಎಂದರೆ ಬಿಲ್‌ನ ವಿವರವನ್ನೂ ಸೇರಿಸುತ್ತಾರೆ.

"ನನ್ನ ಫೈಲ್ ಕೊಡಿ" ಎಂದಷ್ಟೇ ಕೇಳಿದರೆ ಡಿಸ್ಚಾರ್ಜ್ ಸಮರಿಯ ಎರಡು ಹಾಳೆ ಕೈಗಿಟ್ಟು ಕಳಿಸುವ ಸಂಭವ ಜಾಸ್ತಿ. ಪೂರ್ತಿ ಕೇಸ್ ಶೀಟ್ ಎಂದರೆ ಅದು ದಪ್ಪನೆಯ ಕಟ್ಟು. ಅಡ್ಮಿಷನ್ ಹಾಳೆ, ಡಾಕ್ಟರು ದಿನದಿನ ಬರೆದದ್ದು, ಸಿಸ್ಟರ್‌ಗಳು ಗಂಟೆಗಂಟೆಗೆ ಬರೆದ ಬಿಪಿ-ಜ್ವರದ ಚಾರ್ಟು, ಕೊಟ್ಟ ಔಷಧಿಯ ಪಟ್ಟಿ, ಅರಿವಳಿಕೆಯ ದಾಖಲೆ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಎಲ್ಲವೂ ಅದರಲ್ಲಿರುತ್ತದೆ. ಎಕ್ಸ್‌ರೇ, ಸ್ಕ್ಯಾನ್ ಫಿಲಂ ಸಾಮಾನ್ಯವಾಗಿ ನಿಮ್ಮ ಕೈಗೇ ಕೊಟ್ಟಿರುತ್ತಾರೆ. ಗಡ್ಡೆಯ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರೆ ಇನ್ನೊಂದು ಮಾತು ನೆನಪಿಡಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಬರೀ ರಿಪೋರ್ಟ್ ಸಾಕಾಗದೇ ಹೋಗಬಹುದು. ಆ ತುಣುಕನ್ನು ಇಟ್ಟ ಗಾಜಿನ ಸ್ಲೈಡು, ಮೇಣದ ಬ್ಲಾಕು ಕೇಳುತ್ತಾರೆ. ಅದು ಇರುವುದು ಲ್ಯಾಬಿನಲ್ಲಿ. ಅದಕ್ಕೂ ಅರ್ಜಿ ಕೊಟ್ಟು, ಸಹಿ ಹಾಕಿ ತರಬೇಕು. ಇದು ಗೊತ್ತಿಲ್ಲದೆ ಬೆಂಗಳೂರಿನಿಂದ ಮತ್ತೆ ಘಟ್ಟ ಹತ್ತಿ ಬಂದವರನ್ನು ನೋಡಿದ್ದೇನೆ.

72 ಗಂಟೆಯಲ್ಲಿ ಭಾನುವಾರ ಸೇರುತ್ತದಾ ಎಂದು ಕೇಳುವವರಿದ್ದಾರೆ. ನಿಯಮದಲ್ಲಿ ರಜೆಯ ಮಾತಿಲ್ಲ. ಹುತ್ತರಿ ಹಬ್ಬದ ಹಿಂದಿನ ದಿನ ಅರ್ಜಿ ಬಂದರೂ ಗಂಟೆ ಓಡುತ್ತಲೇ ಇರುತ್ತದೆ. ಒಳಗಿನವರಿಗೆ ನನ್ನ ಸಲಹೆ, ಅರ್ಜಿ ಬಂದ ದಿನವೇ ಫೈಲ್ ಎಳೆದು ಪುಟಕ್ಕೆಲ್ಲ ನಂಬರ್ ಹಾಕಿಬಿಡಿ. ಫೈಲ್ ಸಿಕ್ಕಿದರೆ ಜೆರಾಕ್ಸ್ ಅರ್ಧ ಗಂಟೆಯ ಕೆಲಸ. ತಡವಾಗುವುದೆಲ್ಲ ಫೈಲ್ ಹುಡುಕುವುದರಲ್ಲಿ. ಒಮ್ಮೊಮ್ಮೆ ಅದು ಯಾವುದೋ ಡಾಕ್ಟರ ಮೇಜಿನ ಮೇಲೆ ಸಹಿಗೆ ಕಾಯುತ್ತಾ ಕೂತಿರುತ್ತದೆ.

ಬಿಲ್ ಬಾಕಿ ಇದ್ದರೆ ದಾಖಲೆ ತಡೆಹಿಡಿಯಬಹುದೇ? ಹಾಗೆ ಮಾಡಬಹುದು ಎಂದು ಆ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ವೈದ್ಯರ ಮಾತು ಮೀರಿ ಡಿಸ್ಚಾರ್ಜ್ ಮಾಡಿಸಿಕೊಂಡು ಹೋದವರಿಗೂ, ಅಂದರೆ ನಾವು ಡಾಮಾ ಎನ್ನುತ್ತಿದ್ದವರಿಗೂ, ಅದೇ 72 ಗಂಟೆ.

ಕಿಟಕಿಯ ಮುಂದೆ ನಿಂತವರು ಯಾರು?

ಕೊಡುವುದು ಸುಲಭ. ಯಾರಿಗೆ ಕೊಡುತ್ತಿದ್ದೇವೆ ಎಂದು ತಿಳಿಯುವುದೇ ಕಷ್ಟ.

ಮೊದಲಿಗೆ ಹೆಸರಿನ ಸಮಸ್ಯೆ. ನಮ್ಮಲ್ಲಿ ಮುತ್ತಪ್ಪ, ಬೋಪಣ್ಣ, ಪೊನ್ನಮ್ಮ ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಮನೆ ಹೆಸರು ಒಂದು ಕಡೆ ಪೂರ್ತಿ ಇರುತ್ತದೆ, ಇನ್ನೊಂದು ಕಡೆ ಬರೀ ಇನಿಷಿಯಲ್. ಮದುವೆಯಾದ ಮೇಲೆ ಗಂಡನ ಒಕ್ಕದ (ಮನೆತನದ) ಹೆಸರು ಸೇರಿದರೂ ಹಳೇ ಚೀಟಿಯಲ್ಲಿ ತವರಿನದ್ದೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಅಡ್ಮಿಟ್ ಮಾಡಿದವರು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿರುತ್ತಾರೆ. ಒಮ್ಮೆ ಒಂದೇ ವಾರ ಒಂದೇ ಹೆಸರಿನ ಇಬ್ಬರು ದಾಖಲಾಗಿದ್ದರು. ಒಬ್ಬರ ಸಕ್ಕರೆ ಕಾಯಿಲೆಯ ಫೈಲನ್ನು ಇನ್ನೊಬ್ಬರ ಮಗನ ಕೈಗೆ ಕೊಟ್ಟೆ. ತಪ್ಪು ನನ್ನದೇ. ಆ ಹುಡುಗ ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು, "ನಮ್ಮಪ್ಪನಿಗೆ ಶುಗರ್ ಇಲ್ಲವಲ್ಲ" ಎಂದ. ಅಂದಿನಿಂದ ಹೆಸರು ನೋಡಿ ಫೈಲ್ ಕೊಟ್ಟಿಲ್ಲ. ಐಪಿ ನಂಬರ್, ವಯಸ್ಸು, ದಾಖಲಾದ ದಿನ, ಈ ಮೂರೂ ಹೊಂದಬೇಕು.

ಎರಡನೆಯದು, ದುಡ್ಡು ಕೊಟ್ಟವರ ಪ್ರಶ್ನೆ. ಇದು ಕಾಫಿ ನಾಡಿನಲ್ಲಿ ಮತ್ತೆ ಮತ್ತೆ ಬರುವಂಥದ್ದು. ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದ ಕಾರ್ಮಿಕನನ್ನು ತೋಟದ ಜೀಪಿನಲ್ಲೇ ತರುತ್ತಾರೆ. ಅಡ್ವಾನ್ಸ್ ಕಟ್ಟುವವರು ಸಾಹುಕಾರರು. ಎರಡು ದಿನ ಬಿಟ್ಟು ತೋಟದ ಲೆಕ್ಕ ಬರೆಯುವ ರೈಟರ್ ಬಂದು, "ಅವನ ರಿಪೋರ್ಟ್ ಎಲ್ಲಾ ಕೊಡಿ, ರಕ್ತದ್ದೂ ಕೊಡಿ" ಎಂದು ಕೇಳುತ್ತಾರೆ. ಪಾಪ, ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಬಿಲ್ ಕಟ್ಟಿದವರಿಗೆ ಬಿಲ್‌ನ ರಸೀದಿ ಸಿಗುತ್ತದೆ, ಕೇಸ್ ಶೀಟ್ ಸಿಗುವುದಿಲ್ಲ. ಕಾರ್ಮಿಕ ಹಾಸಿಗೆಯಲ್ಲಿ ಮಲಗಿದ್ದಾನೆ. ಅವನನ್ನೇ ಕೇಳಿ. ಒಪ್ಪಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಕೊಡಿ. ಅವನು ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದವನಾಗಿದ್ದರೆ ಅವನ ಭಾಷೆ ಬಲ್ಲವರಿಂದ ಹೇಳಿಸಿ. ಹಾಗೆ ಹೇಳುವವರು ರೈಟರ್ ಆಗಿರದಿದ್ದರೆ ಒಳ್ಳೆಯದು. ಯಾಕೆಂದರೆ ಅದೇ ಕೇಸ್ ಶೀಟ್ ಮುಂದೆ ಕೆಲಸದಲ್ಲಿ ಗಾಯವಾದವರಿಗೆ 1923ರಿಂದ ಇರುವ ಪರಿಹಾರದ ಹಕ್ಕಿಗೆ ಆ ಕಾರ್ಮಿಕನ ಆಧಾರ. "ಏಣಿಯಿಂದ ಬಿದ್ದ" ಎಂದಿದೆಯೋ "ಲೈನ್ ಮನೆಯಲ್ಲಿ (ಕಾರ್ಮಿಕರ ವಸತಿಯಲ್ಲಿ) ಜಾರಿ ಬಿದ್ದ" ಎಂದಿದೆಯೋ ಎಂಬ ಒಂದು ಸಾಲಿನ ಮೇಲೆ ಲಕ್ಷಗಟ್ಟಲೆ ರೂಪಾಯಿ ನಿಂತಿರುತ್ತದೆ.

ಗಂಡ ಹೆಂಡತಿ ವಿಷಯದಲ್ಲೂ ಜನಕ್ಕೆ ಒಂದು ಭ್ರಮೆ ಇದೆ. ತಾಳಿ ಕಟ್ಟಿದ ಮಾತ್ರಕ್ಕೆ ಹೆಂಡತಿಯ ಫೈಲ್ ಗಂಡನದ್ದಾಗುವುದಿಲ್ಲ. 18 ತುಂಬಿದವರ ದಾಖಲೆಗೆ ಅವರ ಒಪ್ಪಿಗೆಯೇ ಬೇಕು. ಗರ್ಭಪಾತದ ವಿಷಯದಲ್ಲಂತೂ ಕಾನೂನು ಬಹಳ ಬಿಗಿ. ವಯಸ್ಕ ಹೆಣ್ಣಿಗೆ ತನ್ನ ಒಪ್ಪಿಗೆ ಸಾಕು, ಗಂಡನದ್ದು ಬೇಕಿಲ್ಲ. 2021ರ ತಿದ್ದುಪಡಿಯ ಪ್ರಕಾರ ಆಕೆಯ ಹೆಸರು, ವಿವರವನ್ನು ಕಾನೂನಿನ ಅಧಿಕಾರ ಇಲ್ಲದವರಿಗೆ ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ಎಚ್‌ಐವಿ ವಿಷಯಕ್ಕೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ. ಈ ಎರಡು ಬಗೆಯ ಫೈಲ್‌ಗಳನ್ನು ನಾನು ಬೇರೆ ಬೀಗದ ಕಪಾಟಿನಲ್ಲಿಡುತ್ತಿದ್ದೆ. ಬೀಗದ ಕೈ ನನ್ನ ಹತ್ತಿರ ಇರುತ್ತಿದ್ದುದರಿಂದ "ನಿಮ್ಮದು ಭಾರೀ ಜೋರು" ಎಂದು ಮಾತೂ ಕೇಳಿದ್ದೇನೆ.

ಮಕ್ಕಳದ್ದಾದರೆ ಅಪ್ಪ ಅಮ್ಮ ಕೇಳಬಹುದು. ತೀರಿಕೊಂಡವರದ್ದಾದರೆ ವಾರಸುದಾರರು. ಇಲ್ಲಿ ಗುರುತಿನ ಚೀಟಿ, ಮರಣ ಪ್ರಮಾಣಪತ್ರ ನೋಡುತ್ತೇವೆ. ಅಣ್ಣ ತಮ್ಮಂದಿರ ನಡುವೆ ಆಸ್ತಿ ತಕರಾರಿನ ವಾಸನೆ ಬಂದರೆ ನಾಡಕಚೇರಿಯ ವಂಶವೃಕ್ಷವನ್ನೂ ಕೇಳುತ್ತಿದ್ದೆವು. ಉಯಿಲು ಬರೆದ ದಿನ ಅಜ್ಜನಿಗೆ ಪ್ರಜ್ಞೆ ಇತ್ತೋ ಇಲ್ಲವೋ ಎಂದು ತಿಳಿಯಲು ಕೇಸ್ ಶೀಟ್ ಕೇಳಿಕೊಂಡು ಬಂದವರಿದ್ದಾರೆ. ದುಃಖದಲ್ಲಿರುವವರನ್ನು ಕಾಗದಕ್ಕಾಗಿ ಸುತ್ತಿಸುವುದು ನನಗೆ ಹಿಡಿಸುತ್ತಿರಲಿಲ್ಲ. ಹೆಂಡತಿಯೋ ಮಗಳೋ ಬಂದು ಡೆತ್ ಸಮರಿ ಕೇಳಿದರೆ ಅದನ್ನು ಅವತ್ತೇ ಕೊಡಬೇಕು.

ವಕೀಲರು ಬಂದರೆ ರೋಗಿಯ ಸಹಿ ಇರುವ ಪತ್ರ ಬೇಕು. ಇನ್ಶೂರೆನ್ಸಿನ ತನಿಖೆಯವರು ಬಂದರೂ ಅಷ್ಟೇ. ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎ ಸಂಸ್ಥೆಯ ಕಾರ್ಡ್ ತೋರಿಸಿ, "ಫೋಟೋ ಹೊಡ್ಕೊಂಡು ಹೋಗ್ತೀನಿ, ಐದೇ ನಿಮಿಷ" ಎನ್ನುತ್ತಾರೆ. ಬಿಡಬೇಡಿ. ಪಾಲಿಸಿ ಮಾಡಿಸುವಾಗ ರೋಗಿ ಒಪ್ಪಿಗೆ ಕೊಟ್ಟಿದ್ದರೆ ಅದರ ಪ್ರತಿ ಅವರ ಹತ್ತಿರ ಇರಲೇಬೇಕು. ಅದನ್ನು ಪಡೆದು ಫೈಲಿಗೆ ಸೇರಿಸಿ, ಆಮೇಲೆ ಕೊಡಿ. ಪೊಲೀಸರು ತನಿಖೆಗೆ ಕೇಳಿದರೆ ಕೊಡಬೇಕಾಗುತ್ತದೆ, ಆದರೆ ಲಿಖಿತ ಕೋರಿಕೆ ಮೇಲೆ. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಬರುತ್ತದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು 91. ಸ್ಟೇಷನ್ನಿನಿಂದ ಬರೀ ಫೋನ್ ಬಂದರೆ, "ಲೆಟರ್ ಕಳಿಸಿ ಸಾರ್" ಎಂದು ನಯವಾಗಿ ಹೇಳುವುದನ್ನು ಕಲಿಯಬೇಕು.

ಇನ್ನು ಎಂಎಲ್‌ಸಿ. ಅಪಘಾತ, ಹೊಡೆದಾಟ, ವಿಷ ಕುಡಿದದ್ದು, ಆನೆ ತುಳಿದದ್ದು, ಹೀಗೆ ಪೊಲೀಸರಿಗೆ ತಿಳಿಸಿದ ಕೇಸು. ಇಲ್ಲಿ ಗಾಯದ ಪ್ರಮಾಣಪತ್ರ ಸಾಮಾನ್ಯವಾಗಿ ತನಿಖಾಧಿಕಾರಿಗೆ ಹೋಗುತ್ತದೆ. ಪೋಸ್ಟ್‌ಮಾರ್ಟಂ ವರದಿಯೂ ಹಾಗೇ, ಮನೆಯವರು ಅದನ್ನು ಸ್ಟೇಷನ್ನಿನಿಂದ ಪಡೆಯುವುದು ರೂಢಿ. ಆದರೆ ಎಂಎಲ್‌ಸಿ ಎಂಬ ಒಂದೇ ಕಾರಣಕ್ಕೆ ಗಾಯಾಳುವಿಗೆ ಅವನ ಚಿಕಿತ್ಸೆಯ ದಾಖಲೆಯನ್ನೇ ಇಲ್ಲ ಎನ್ನುವುದು ಸರಿಯಲ್ಲ. ಇಂಥ ಫೈಲ್‌ಗಳನ್ನು 3 ವರ್ಷಕ್ಕೆ ಹರಿದು ಎಸೆಯುವಂತೆಯೂ ಇಲ್ಲ, ಕೇಸು ಮುಗಿಯುವವರೆಗೆ ಇಡಬೇಕು.

ರೋಗಿಗೇ ಕೊಡದೆ ಇರಬಹುದಾದ ಸಂದರ್ಭ ಇದೆಯೇ? ಒಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ ಪ್ರಕಾರ ಮನೋರೋಗಿಗೂ ತನ್ನ ದಾಖಲೆ ನೋಡುವ ಹಕ್ಕಿದೆ. ಆದರೆ ಅದರಲ್ಲಿನ ಯಾವುದೋ ನಿರ್ದಿಷ್ಟ ವಿಷಯ ತಿಳಿದರೆ ಅವರ ಮನಸ್ಸಿಗೆ ಗಂಭೀರ ಹಾನಿ ಆಗಬಹುದು, ಅಥವಾ ಬೇರೆಯವರಿಗೆ ಅಪಾಯ ಆಗಬಹುದು ಎಂದು ವೈದ್ಯರಿಗೆ ಅನ್ನಿಸಿದರೆ ಆ ಭಾಗವನ್ನಷ್ಟೇ ತಡೆಹಿಡಿಯಬಹುದು. ಆಗಲೂ, "ನೀವು ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಹೋಗಿ ಕೇಳಬಹುದು" ಎಂದು ರೋಗಿಗೆ ತಿಳಿಸಬೇಕು. ಪೂರ್ತಿ ಫೈಲ್ ಮುಚ್ಚಿಡಲು ಇದನ್ನು ನೆಪ ಮಾಡುವಂತಿಲ್ಲ.

ಕಾರಿಡಾರಿನ ಮಾತಿಗೆ ಮತ್ತೆ ಬರುತ್ತೇನೆ. 2002ರ ಅದೇ ನಿಯಮಾವಳಿಯ 7.14, ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ಬಿಟ್ಟುಕೊಡಬಾರದು ಎನ್ನುತ್ತದೆ. ಕೋರ್ಟಿನ ಆದೇಶ, ಯಾರಿಗಾದರೂ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ, ಇಷ್ಟೇ ಹೊರತು. ವಿಚಾರಿಸಲು ಬರುವ ನೆಂಟರು ಈ ಪಟ್ಟಿಯಲ್ಲಿಲ್ಲ. ವಾಟ್ಸ್ಆಪ್ ಬಂದ ಮೇಲೆ ಇದು ಇನ್ನೂ ಸಡಿಲವಾಗಿದೆ. ರಿಪೋರ್ಟಿನ ಫೋಟೋ ಹೊಡೆದು ಸ್ಟಾಫ್ ಗ್ರೂಪಿಗೆ ಹಾಕುತ್ತಾರೆ, ಅಲ್ಲಿಂದ ಎಲ್ಲಿಗೆ ಹೋಯಿತೋ ಯಾರಿಗೆ ಗೊತ್ತು? ರೋಗಿಯೇ ವಾಟ್ಸ್ಆಪ್‌ನಲ್ಲಿ ಕಳಿಸಿ ಎಂದರೆ ಅವರ ನಂಬರ್ ಬರೆಸಿಕೊಂಡು, ಮೊದಲು ಬರೀ "ನಮಸ್ಕಾರ" ಕಳಿಸಿ, ಉತ್ತರ ಬಂದ ಮೇಲೆ ರಿಪೋರ್ಟ್ ಕಳಿಸುವುದು ನನ್ನ ಅಭ್ಯಾಸವಾಗಿತ್ತು.

ಫೈಲಿನಲ್ಲಿ ತಪ್ಪಿದ್ದರೆ

ಪ್ರತಿ ಕೈಗೆ ಬಂದ ಮೇಲೆ ಓದಿ. ಬಹಳ ಜನ ಓದುವುದಿಲ್ಲ. ವಯಸ್ಸು, ರಕ್ತದ ಗುಂಪು, ಎಡಗಾಲೋ ಬಲಗಾಲೋ, ಆಗದ ಔಷಧಿ ಯಾವುದು, ಕುಡಿತದ ಬಗ್ಗೆ ಏನು ಬರೆದಿದ್ದಾರೆ, ಇವನ್ನು ನೋಡಿ. ಕುಡಿತದ ಒಂದು ಸಾಲಿನಿಂದ ಕ್ಲೇಮ್ ನಿಂತುಹೋದದ್ದಿದೆ.

ತಪ್ಪು ಕಂಡರೆ ತಿದ್ದಿಸಲು ಲಿಖಿತವಾಗಿ ಕೇಳಿ. ಒಳಗಿನವರು ಇಲ್ಲಿ ಬಹಳ ಹುಷಾರಾಗಿರಬೇಕು. ವೈಟ್ನರ್ ಮುಟ್ಟಲೇಬಾರದು. ಹಾಳೆ ಹರಿದು ಹೊಸದು ಬರೆಯುವುದಂತೂ ದಾಖಲೆ ತಿರುಚಿದಂತೆಯೇ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದ್ದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ತಾರೀಕು, ಗಂಟೆ, ಸಹಿ. ಡಾಕ್ಟರಿಗೆ ಅದು ತಪ್ಪು ಅನ್ನಿಸದಿದ್ದರೆ ತಿದ್ದಬೇಕಾಗಿಲ್ಲ. ಆಗ ರೋಗಿಯ ಪತ್ರವನ್ನು ಫೈಲಿಗೆ ಸೇರಿಸಿಟ್ಟರೆ ಮುಂದೆ ಓದುವವರಿಗೆ ಎರಡೂ ಕಾಣುತ್ತದೆ. ಅರ್ಜಿ ಬಂದ ಮೇಲೆ ಖಾಲಿ ಬಿಟ್ಟ ಜಾಗವನ್ನು ಅವಸರದಲ್ಲಿ ತುಂಬುವ ಚಾಳಿ ಕೆಲವರಿಗಿದೆ. ಒಂದೇ ಪೆನ್ನಿನಲ್ಲಿ ಹತ್ತು ದಿನದ ಬರಹ ಇದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

ಫೈಲ್ ಕೇಳಿದ ಕೂಡಲೇ "ಇವರು ಕೇಸ್ ಹಾಕ್ತಾರೆ" ಎಂದು ಆಡಳಿತದವರು ಹೆದರುತ್ತಾರೆ. ನಾನು ಕೊಟ್ಟ ಫೈಲ್‌ಗಳಲ್ಲಿ ಬಹುಪಾಲು ಹೋದದ್ದು ಬೇರೆ ಡಾಕ್ಟರ ಮೇಜಿಗೆ, ಇಲ್ಲವೇ ಇನ್ಶೂರೆನ್ಸ್ ಆಫೀಸಿಗೆ. ಕೇಸಿನ ಯೋಚನೆಯೇ ಇಲ್ಲದವರಿಗೆ ನಾಲ್ಕು ಸಲ "ನಾಳೆ ಬನ್ನಿ" ಎಂದು ಆ ಯೋಚನೆ ಹುಟ್ಟಿಸಿದವರು ನಾವೇ.

ಕೊಡದಿದ್ದರೆ ಮುಂದೇನು?

ಸರ್ಕಾರಿ ಆಸ್ಪತ್ರೆಯಾದರೆ, ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯಿರಲಿ ತಾಲ್ಲೂಕು ಆಸ್ಪತ್ರೆಯಿರಲಿ, ಮೊದಲು ನೇರ ಅರ್ಜಿಯೇ ಕೊಡಿ. ಕೆಲವರು ಸೀದಾ ಆರ್‌ಟಿಐ ಹಾಕುತ್ತಾರೆ. ಅದಕ್ಕೆ 30 ದಿನದ ಅವಕಾಶ ಇರುತ್ತದೆ, ನೇರ ಅರ್ಜಿಗೆ 72 ಗಂಟೆ. ನೇರ ದಾರಿ ಮುಚ್ಚಿದರೆ ಮಾತ್ರ ಆರ್‌ಟಿಐ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಬೇರೆಯವರ ಕಾಯಿಲೆಯ ವಿವರ ತೆಗೆಯಲು ಆರ್‌ಟಿಐ ಬಳಸಲು ಹೋದರೆ ಅದು ಖಾಸಗಿ ಮಾಹಿತಿ ಎಂದು ತಿರಸ್ಕಾರವಾಗುತ್ತದೆ.

ಖಾಸಗಿ ಆಸ್ಪತ್ರೆಯಾದರೆ ಮೊದಲು ಅಲ್ಲಿನ ಮುಖ್ಯಸ್ಥರಿಗೆ ಒಂದು ನೆನಪೋಲೆ. ಆಮೇಲೂ ಆಗದಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯಲ್ಲೇ ಇರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೊಡಬಹುದು. ವೈದ್ಯರ ನಡತೆಯ ಬಗ್ಗೆಯೇ ದೂರಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ನಷ್ಟ ಪರಿಹಾರ ಬೇಕಿದ್ದರೆ ಮಡಿಕೇರಿಯಲ್ಲೇ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ಹೋಗಬೇಕು. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಮಾತ್ರ ಅದರಿಂದ ಹೊರಗೆ. ದಾಖಲೆ ಕೊಡದಿರುವುದೇ ಸೇವೆಯ ಕೊರತೆ ಎಂದು ಗ್ರಾಹಕ ಆಯೋಗಗಳು ಹೇಳಿದ್ದೂ ಇದೆ. ಆದರೆ ಈ ಎಲ್ಲಾ ಕಡೆ ನಿಮ್ಮನ್ನು ಮೊದಲು ಕೇಳುವುದು ಆ ಸೀಲ್ ಬಿದ್ದ ಅರ್ಜಿಯನ್ನೇ.

ಮೂರು ವರ್ಷ ಮತ್ತು ಮಳೆ

3 ವರ್ಷದ ಲೆಕ್ಕ ಚಿಕಿತ್ಸೆ ಶುರುವಾದ ದಿನದಿಂದ ಎಂದು ಆಗಲೇ ಹೇಳಿದೆ. ನಾಲ್ಕನೇ ವರ್ಷ ಹೋದರೆ ಫೈಲ್ ಇರಲೂಬಹುದು, ಗುಜರಿಗೆ ಹೋಗಿರಲೂಬಹುದು. ಓಪಿ (ಹೊರರೋಗಿ) ಚೀಟಿಯ ಕಥೆ ಇನ್ನೂ ಕಷ್ಟ. ಆ ನಿಯಮ ಒಳರೋಗಿಗಳ ಬಗ್ಗೆ ಮಾತ್ರ. ಓಪಿ ಚೀಟಿಯನ್ನು ನಿಮ್ಮ ಕೈಗೇ ಕೊಟ್ಟಿರುತ್ತಾರೆ, ಎಷ್ಟೋ ಕಡೆ ಅದರ ಪ್ರತಿ ಆಸ್ಪತ್ರೆಯಲ್ಲಿ ಇರುವುದೇ ಇಲ್ಲ. ಕಳೆದರೆ ಕಳೆದ ಹಾಗೇ. ಈಗ 14 ಅಂಕಿಯ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ನಂಬರ್ ಮಾಡಿಸಿ ರಿಪೋರ್ಟುಗಳನ್ನು ಅದಕ್ಕೆ ಜೋಡಿಸುವ ವ್ಯವಸ್ಥೆ ಬಂದಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ಡಾಕ್ಟರು ಅದನ್ನು ನೋಡಲು ಆಗದು. ಒಳ್ಳೆಯದೇ. ಆದರೆ ಕರೆಂಟ್ ಹೋಗಿ, ನೆಟ್‌ವರ್ಕ್ ಹೋಗಿ ಮೂರು ದಿನ ಕೂರುವ ಊರಿನವರು ಕಾಗದವನ್ನೂ ಇಟ್ಟುಕೊಳ್ಳಿ.

ಇಸಿಜಿ ಬಗ್ಗೆ ಒಂದು ಮಾತು. ಅದನ್ನು ತೆಗೆಯುವ ನುಣುಪಾದ ಕಾಗದ ಬಿಸಿಗೆ ಕಪ್ಪಾಗುವಂಥದ್ದು. ಅದರ ಮೇಲಿನ ಗೆರೆ ಒಂದೆರಡು ವರ್ಷದಲ್ಲಿ ಮಾಸುತ್ತದೆ. ಸಿಕ್ಕಿದ ದಿನವೇ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾಡಿಸಬೇಡಿ, ಮೆಷಿನ್ನಿನ ಬಿಸಿಗೆ ಪೂರ್ತಿ ಕಪ್ಪಾಗಿ ಕೂರುತ್ತದೆ. ಹಾಗೆ ಕಪ್ಪಾದ ಹಾಳೆಯನ್ನು ಜೋಪಾನವಾಗಿ ಕವರಿನಲ್ಲಿಟ್ಟು ತಂದವರನ್ನು ನೋಡಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ಮೇಲೆ ನಮ್ಮ ಕಿಟಕಿಗೆ ಬಂದವರ ಕೈಯಲ್ಲಿ ಏನೂ ಇರಲಿಲ್ಲ. ಮನೆಯೇ ಹೋದ ಮೇಲೆ ಡಿಸ್ಚಾರ್ಜ್ ಸಮರಿ ಎಲ್ಲಿಂದ ಬರಬೇಕು? ಒಬ್ಬರು ಅಮ್ಮ ಬಂದರು. ಆಪರೇಷನ್ ಆಗಿತ್ತು, ಮಾತ್ರೆಯ ಹೆಸರು ಗೊತ್ತಿಲ್ಲ, ಐಪಿ ನಂಬರ್ ಗೊತ್ತಿಲ್ಲ, ತಾರೀಕು ಗೊತ್ತಿಲ್ಲ. ಗುರುತಿನ ಚೀಟಿಯೂ ಮಣ್ಣಿನಡಿ. "ಹುತ್ತರಿ ಮಾರನೇ ದಿನ ಸೇರಿದ್ದು" ಎಂದರು, ಅಷ್ಟೇ. ಹಿಂದಿನ ವರ್ಷದ ಕ್ಯಾಲೆಂಡರಿನಲ್ಲಿ ಹುತ್ತರಿ ನೋಡಿ, ಮಾರನೇ ದಿನದ ಅಡ್ಮಿಷನ್ ರಿಜಿಸ್ಟರ್ ತೆಗೆದೆ. ಆ ದಿನ ಸೇರಿದವರು ಆರು ಜನ. ಗಂಡನ ಹೆಸರು, ವಯಸ್ಸು ಹೊಂದಿತು. ಆಪರೇಷನ್ ಮಾಡಿದ ಡಾಕ್ಟರೇ ಮೇಲಿನಿಂದ ಇಳಿದು ಬಂದು, ಹೊಲಿಗೆಯ ಗುರುತು ನೋಡಿ, "ಇವರೇ" ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದರು. ಎರಡು ಸೆಟ್ ಜೆರಾಕ್ಸ್ ಮಾಡಿದೆವು. ಒಂದನ್ನು ಪರಿಹಾರ ಕೇಂದ್ರದಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಇನ್ನೊಂದನ್ನು ಮೈಸೂರಿನಲ್ಲಿರುವ ತಂಗಿಯ ಮನೆಗೆ ಕಳಿಸಲು ಆಗಲೇ ವಿಳಾಸ ಬರೆಸಿಕೊಂಡು ಬಂದಿದ್ದರು.